ಹೊಲ ಒಡೆಯರದು, ಕಾಲುದಾರಿ ಎಲ್ಲರದು

ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್‌ಗೆ ಹೋಗುವ ರೈಲು ಶನಿವಾರ ಬೆಳಗ್ಗೆ ಈಡೇಲ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಂತಿತೆಂದರೆ ಬೋಗಿಗಳು ಬರಿದಾಗತೊಡಗುತ್ತವೆ. ಇಳಿಯುವವರ ಕಾಲಲ್ಲಿ ಹಳೆಯ ಕೆಸರು ಒಣಗಿದ ದಪ್ಪ ಬೂಟು, ಬೆನ್ನಿಗೆ ಚೀಲ, ಕೆಲವರ ಕೈಯಲ್ಲಿ ನಾಯಿಯ ಹಗ್ಗ. ಎಪ್ಪತ್ತು ದಾಟಿದ ದಂಪತಿ ಇರುತ್ತಾರೆ, ಕಾಲೇಜು ಹುಡುಗರ ಗುಂಪು ಇರುತ್ತದೆ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಅಪ್ಪ ಇರುತ್ತಾನೆ. ಹಳ್ಳಿಯ ಬೀದಿಯಲ್ಲಿ ನಡೆದು, ಚರ್ಚು ದಾಟಿ, ಹಳೆಯ ಪಬ್ಬಿನ ಬಳಿ ತಿರುಗಿ, ಮರದ ಗೇಟೊಂದನ್ನು ತೆರೆದು ಎಲ್ಲರೂ ಯಾರದೋ ಜಮೀನಿನೊಳಗೆ ಕಾಲಿಡುತ್ತಾರೆ. ಗೇಟನ್ನು ಮತ್ತೆ ಹಾಕಿ ಚಿಲಕ ಸರಿಯಾಗಿ ಬಿತ್ತೇ ಎಂದು ನೋಡುತ್ತಾರೆ. ಒಳಗೆ ಮೇಯುತ್ತಿರುವ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತವೆ.

ಜಮೀನಿನ ಒಡೆಯ ಎದುರಾದರೂ ಕೈ ಎತ್ತಿ ತನ್ನ ಪಾಡಿಗೆ ಹೋಗುತ್ತಾನೆ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ. ಅಲ್ಲಿ ಟಿಕೆಟ್ ಕೊಡುವ ಗೂಡಿಲ್ಲ, ಕಾವಲುಗಾರನಿಲ್ಲ. ಕಂಬದ ಮೇಲೊಂದು ಹಳದಿ ಬಾಣದ ಗುರುತಿದೆ, ಅಷ್ಟೇ.

ಇಂಗ್ಲೆಂಡಿನ ಹಳ್ಳಿಗಾಡು ನಮಗೆ ಅಷ್ಟಿಷ್ಟು ಗೊತ್ತು. ಶಾಲೆಯಲ್ಲಿ ಓದಿದ ಪದ್ಯಗಳಲ್ಲಿ, ಸಿನಿಮಾಗಳ ಬಂಗಲೆಗಳಲ್ಲಿ, ಅಲ್ಲಿ ಕೆಲಸಕ್ಕೆ ಹೋದ ಮಕ್ಕಳು ಕಳಿಸುವ ಫೋಟೊಗಳಲ್ಲಿ ಅದನ್ನು ಕಂಡಿದ್ದೇವೆ. ಹಸಿರು ಗುಡ್ಡ, ಕಲ್ಲಿನ ಮನೆ, ಹಾಳು ಕೋಟೆ ಅಲ್ಲಿ ಹಿಂದಿನಿಂದಲೂ ಇದ್ದವು. ಅವುಗಳ ಹತ್ತಿರ ಹೋಗಿ ನೋಡುವ ಹಕ್ಕು ಮಾತ್ರ ಅಲ್ಲಿಯ ಸಾಮಾನ್ಯ ಜನರಿಗೇ ಇರಲಿಲ್ಲ. ಅದನ್ನು ಅವರು ಜೈಲಿಗೆ ಹೋಗಿ, ಚಂದಾ ಎತ್ತಿ, ಸಂಸತ್ತಿನಲ್ಲಿ ಕಾನೂನು ಮಾಡಿಸಿ ಪಡೆದುಕೊಂಡರು. ಆ ಕಥೆ ಗೊತ್ತಿದ್ದರೆ ಅಲ್ಲಿಯ ಒಂದೊಂದು ಗೇಟೂ ಬೇರೆಯಾಗಿ ಕಾಣುತ್ತದೆ.

ಬೇಲಿ ಬಿದ್ದ ನಾಡು

ಒಂದು ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲೂ ಗೋಮಾಳಗಳಿದ್ದವು. ಊರವರು ಅಲ್ಲಿ ದನ ಮೇಯಿಸುತ್ತಿದ್ದರು, ಸೌದೆ ಆಯುತ್ತಿದ್ದರು. 1604ರಿಂದ 1914ರವರೆಗೆ ಸಂಸತ್ತು ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳನ್ನು ಒಂದೊಂದು ಊರಿಗೂ ಪ್ರತ್ಯೇಕವಾಗಿ ಎಂಬಂತೆ ಮಾಡಿ, ಆ ನೆಲವನ್ನು ಬೇಲಿಯೊಳಗೆ ಸೇರಿಸಿ ಖಾಸಗಿ ಆಸ್ತಿಯಾಗಿಸಿತು. ಹೀಗೆ ಬೇಲಿ ಕಂಡ ಭೂಮಿ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗ. ಇಂದು ನಾವು ಚೆಂದವೆಂದು ಫೋಟೊ ತೆಗೆಯುವ ಪೊದೆಬೇಲಿಗಳಲ್ಲೂ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳಲ್ಲೂ ಹಲವು ಆ ಕಾಲದವು.

ನೆಲ ಹೋದರೂ ಹಲವು ಕಡೆ ದಾರಿ ಉಳಿಯಿತು. ಹಳ್ಳಿಯಿಂದ ಚರ್ಚಿಗೆ, ಗಿರಣಿಗೆ, ಸಂತೆಗೆ ತಲೆಮಾರುಗಳಿಂದ ಜನ ನಡೆದ ಜಾಡುಗಳು ಅವು. ಒಂದು ದಾರಿ ಸಾರ್ವಜನಿಕವೆಂದು ಒಮ್ಮೆ ಸ್ಥಾಪಿತವಾದರೆ ಜಮೀನು ಎಷ್ಟು ಕೈ ಬದಲಾದರೂ ದಾರಿಯ ಹಕ್ಕು ಅಳಿಯುವುದಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಸೂತ್ರ. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ, ಮುಚ್ಚುಮರೆಯಿಲ್ಲದೆ ಜನ 20 ವರ್ಷ ನಡೆದಿದ್ದರೆ ಒಡೆಯನೇ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟನೆಂದು ಕಾನೂನು ಭಾವಿಸುತ್ತದೆ.

ಈ ದಾರಿಗಳಲ್ಲಿ ಹೆಚ್ಚಿನವು ಇಂದು ಅಧಿಕೃತ ನಕ್ಷೆಯಲ್ಲಿವೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇವುಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಹಳದಿ ಬಾಣವಿದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲಿಗೂ ಅವಕಾಶ. ಬೇಲಿ ಅಡ್ಡ ಬಂದಲ್ಲಿ ದನ ದಾಟದಂತೆ, ಜನ ದಾಟುವಂತೆ ಮರದ ತಡಮೆ ಇರುತ್ತದೆ. ಹೊಲದ ನಡುವೆ ಹಾಯುವ ದಾರಿಯನ್ನು ರೈತ ಉತ್ತರೆ ಎರಡು ವಾರದೊಳಗೆ ಅದನ್ನು ಮತ್ತೆ ಸಮ ಮಾಡಿಕೊಡಬೇಕು. ಬೆಳೆ ಬಂದ ಮೇಲೂ ಕಾಲುದಾರಿಯ ಅಗಲವನ್ನು ಬಿಡಬೇಕು. ಎದೆಯೆತ್ತರ ನಿಂತ ಗೋಧಿಯ ನಡುವೆ ಬೈತಲೆಯಂತೆ ಸೀಳಿಕೊಂಡು ಹೋಗುವ ಜಾಡು ಉಳಿದಿರುವುದು ರೈತನ ಔದಾರ್ಯದಿಂದಷ್ಟೇ ಅಲ್ಲ. ಹಾಗೆ ಬಿಡುವುದು ಅವನ ಕಾನೂನುಬದ್ಧ ಕರ್ತವ್ಯ.

ಈ ದಾರಿಗಳನ್ನು ತೋರಿಸುವ ನಕ್ಷೆಗಳನ್ನು ಪ್ರಕಟಿಸುವುದು 1791ರಲ್ಲಿ ಶುರುವಾದ ಆರ್ಡ್ನೆನ್ಸ್ ಸರ್ವೆ. ಅದರ ಹಿಂದಿದ್ದ ತ್ರಿಕೋನ ಅಳತೆಯ ವಿದ್ಯೆಯನ್ನೇ ಯಾರ್ಕ್‌ಶೈರ್‌ನ ವಿಲಿಯಂ ಲ್ಯಾಂಬ್ಟನ್ ನಮ್ಮ ಕಡೆಗೆ ತಂದ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆತ ಮರುವರ್ಷವೇ ಬೆಂಗಳೂರಿನಲ್ಲಿ ಅಳತೆಯ ಆಧಾರ ರೇಖೆಯೊಂದನ್ನು ಎಳೆದಿದ್ದ.

ಕಿಂಡರ್ ಬೆಟ್ಟದ ಆ ಭಾನುವಾರ

ಕಾಲುದಾರಿ ಉಳಿದರೂ ಬೆಟ್ಟಗಳು ಮುಚ್ಚಿಯೇ ಇದ್ದವು. ಈಡೇಲ್ ಹಳ್ಳಿಯ ಬೆನ್ನಿಗೇ ಎದ್ದು ನಿಂತಿರುವ ಕಿಂಡರ್ ಸ್ಕೌಟ್ ಎಂಬ 636 ಮೀಟರ್ ಎತ್ತರದ ಬಯಲುಬೆಟ್ಟವನ್ನೇ ನೋಡಿ. ಅದರ ಒಂದು ಪಕ್ಕ ಮ್ಯಾಂಚೆಸ್ಟರ್, ಇನ್ನೊಂದು ಪಕ್ಕ ಶೆಫೀಲ್ಡ್. ಒಂದು ಊರಿನಲ್ಲಿ ಹತ್ತಿಯ ಗಿರಣಿಗಳು, ಇನ್ನೊಂದರಲ್ಲಿ ಉಕ್ಕಿನ ಕುಲುಮೆಗಳು. ವಾರದ ಆರು ದಿನ ಹೊಗೆ ಕುಡಿದ ಕಾರ್ಮಿಕರಿಗೆ ಭಾನುವಾರ ಒಂದು ರೈಲು ಟಿಕೆಟ್ಟಿನ ದೂರದಲ್ಲಿ ಶುದ್ಧ ಗಾಳಿ ಇತ್ತು. ಆದರೆ ಆ ಬೆಟ್ಟ ಡ್ಯೂಕ್ ಆಫ್ ಡೆವನ್‌ಶೈರ್‌ನಂಥ ಒಡೆಯರ ಬೇಟೆಯ ತಾಣ. ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಯನ್ನು ವರ್ಷದಲ್ಲಿ ಕೆಲವು ದಿನ ಹೊಡೆಯುವುದಕ್ಕಾಗಿ ಇಡೀ ಬೆಟ್ಟಕ್ಕೆ ವರ್ಷವಿಡೀ ಕಾವಲು.

1932ರ ಏಪ್ರಿಲ್ 24, ಭಾನುವಾರ. ಹೇಫೀಲ್ಡ್ ಎಂಬ ಹಳ್ಳಿಯ ಹಳೆಯ ಕಲ್ಲುಕ್ವಾರಿಯಲ್ಲಿ ಸುಮಾರು 400 ಮಂದಿ ಸೇರಿದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಕಾರ್ಮಿಕರು. ಕಲ್ಲಿನ ಮೇಲೆ ನಿಂತು ಮಾತಾಡಿದ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಕೆಲಸ ಕಳೆದುಕೊಂಡಿದ್ದ ಮೋಟಾರು ಮೆಕ್ಯಾನಿಕ್. ಎಲ್ಲರೂ ಹಾಡುತ್ತ ಕಣಿವೆ ಹತ್ತಿದರು. ಇಳಿಜಾರಿನಲ್ಲಿ ಕಾವಲುಗಾರರು ಕೋಲು ಹಿಡಿದು ಅಡ್ಡ ನಿಂತರು. ತಳ್ಳಾಟವಾಗಿ ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಜನ ಮೇಲೆ ಹೋಗಿ, ಇನ್ನೊಂದು ದಿಕ್ಕಿನಿಂದ ಬಂದ ಶೆಫೀಲ್ಡಿನವರನ್ನು ಕೂಡಿಕೊಂಡು ಸಂಭ್ರಮಪಟ್ಟು ಇಳಿದರು. ಕೆಳಗೆ ಪೊಲೀಸರು ಕಾದಿದ್ದರು.

ಅತಿಕ್ರಮ ಪ್ರವೇಶ ಆಗ ಜೈಲಿಗೆ ಕಳಿಸುವಂಥ ಅಪರಾಧವಾಗಿರಲಿಲ್ಲ. ಹಾಗಾಗಿ ಗಲಭೆಯ ಆರೋಪ ಹೊರಿಸಲಾಯಿತು. ಜುಲೈನಲ್ಲಿ ಡರ್ಬಿಯ ನ್ಯಾಯಾಲಯ ಐವರಿಗೆ ಎರಡರಿಂದ ಆರು ತಿಂಗಳ ಶಿಕ್ಷೆ ವಿಧಿಸಿತು. ರಾತ್‌ಮನ್‌ಗೆ ಸಿಕ್ಕಿದ್ದು ನಾಲ್ಕು ತಿಂಗಳು. ಈ ದುಡುಕು ಬೇಡವೆಂದು ಅದುವರೆಗೆ ದೂರ ನಿಂತಿದ್ದ ಹಳೆಯ ನಡಿಗೆ ಸಂಘಗಳವರೂ ತೀರ್ಪಿನ ಕಠೋರತೆ ಕಂಡು ಬೆಚ್ಚಿದರು. ಬೆಟ್ಟ ಹತ್ತಿದ್ದಕ್ಕೆ ಸೆರೆಮನೆ ಎಂಬ ಸುದ್ದಿ ದೇಶದ ತುಂಬ ಹರಡಿತು.

ಒಂದು ಭಾನುವಾರದ ನಡಿಗೆಯಿಂದಲೇ ಎಲ್ಲ ಬದಲಾಯಿತೆನ್ನುವುದು ಅತಿಶಯೋಕ್ತಿ. ಅದಕ್ಕೂ ಅರ್ಧ ಶತಮಾನದ ಹಿಂದಿನಿಂದಲೇ ಸಂಸತ್ತಿಗೆ ಮಸೂದೆಗಳು ಬಂದು ಬಿದ್ದುಹೋಗುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಕಾರ್ಮಿಕ ಪಕ್ಷದ ಸರ್ಕಾರ 1949ರಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಹಳ್ಳಿಗಾಡಿನ ಪ್ರವೇಶ ಕಾಯ್ದೆ ತಂದಿತು. ಯುದ್ಧದಲ್ಲಿ ದೇಶಕ್ಕಾಗಿ ಸತ್ತವರ ಮನೆಯವರಿಗೆ ಆ ದೇಶದ ಬೆಟ್ಟ ಹತ್ತುವ ಹಕ್ಕಿಲ್ಲ ಎಂದು ಹೇಳುವುದು ಆಗ ಯಾರಿಗೂ ಸುಲಭವಿರಲಿಲ್ಲ. 1951ರ ಏಪ್ರಿಲ್‌ನಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಗಿದ್ದು ಇದೇ ಕಿಂಡರ್ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್. ಈಗ ಇಂಗ್ಲೆಂಡಿನಲ್ಲಿ ಇಂಥ ಹತ್ತು ಉದ್ಯಾನಗಳಿವೆ. ನಮ್ಮ ನಾಗರಹೊಳೆ, ಬಂಡೀಪುರಗಳಂತೆ ಇವು ವನ್ಯಜೀವಿಗಳಿಗೆಂದು ಮೀಸಲಾದ ಕಾಡುಗಳಲ್ಲ. ಇವುಗಳೊಳಗೆ ಊರುಗಳಿವೆ, ಶಾಲೆಗಳಿವೆ, ಕುರಿ ಸಾಕುವ ರೈತರಿದ್ದಾರೆ. ನೆಲದ ಬಹುಭಾಗ ಇಂದಿಗೂ ಖಾಸಗಿಯವರದು.

ಬೆಟ್ಟ, ಬಯಲು, ಗೋಮಾಳಗಳಲ್ಲಿ ಜಾಡು ಬಿಟ್ಟು ಎಲ್ಲೆಂದರಲ್ಲಿ ನಡೆಯುವ ಹಕ್ಕು ಸಿಗಲು 2000ನೇ ಇಸವಿಯ ಇನ್ನೊಂದು ಕಾಯ್ದೆಯೇ ಬೇಕಾಯಿತು. ಅದೂ ಅನ್ವಯಿಸುವುದು ಇಂಗ್ಲೆಂಡಿನ ಸುಮಾರು ಶೇ 8ರಷ್ಟು ನೆಲಕ್ಕೆ ಮಾತ್ರ. 2002ರಲ್ಲಿ, ಆ ನಡಿಗೆಗೆ 70 ವರ್ಷ ತುಂಬಿದಾಗ, ಅಂದಿನ ಡ್ಯೂಕ್ ಅದೇ ಕ್ವಾರಿಯ ಬಳಿ ನಿಂತು ತಮ್ಮ ತಾತ ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ರಾತ್‌ಮನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಹತ್ತು ಪೌಂಡಿನ ಮನೆ

ಬೆಟ್ಟದ ಕಥೆ ಹೀಗಾದರೆ ಕಟ್ಟಡಗಳದು ಇನ್ನೊಂದು. 1895ರ ಜನವರಿಯಲ್ಲಿ ಮೂವರು ಸೇರಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಲಂಡನ್ನಿನ ಬಡವರ ವಸತಿಗಾಗಿ ದುಡಿಯುತ್ತಿದ್ದ ಆಕ್ಟೇವಿಯಾ ಹಿಲ್, ಗೋಮಾಳಗಳ ಪರವಾಗಿ ಮೊಕದ್ದಮೆ ನಡೆಸಿದ್ದ ವಕೀಲ ರಾಬರ್ಟ್ ಹಂಟರ್, ಸರೋವರ ಸೀಮೆಯ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ. ಒಂದು ಕೋಣೆಯಲ್ಲಿ ಹತ್ತು ಜನ ಬದುಕುವ ಬಡಾವಣೆಗಳನ್ನು ದಿನವೂ ಕಾಣುತ್ತಿದ್ದ ಹಿಲ್‌ಗೆ ಬಯಲು, ಆಕಾಶ, ಹಸಿರು ಎಲ್ಲವೂ ಬಡವರ ಅಗತ್ಯಗಳ ಪಟ್ಟಿಯಲ್ಲೇ ಇದ್ದವು. ಇದನ್ನು ಮರೆತು ಟ್ರಸ್ಟನ್ನು ಬರೀ ಅರಮನೆಗಳ ಪಾಲಕನೆಂದು ನೋಡುವುದು ಆಕೆಗೆ ಮಾಡುವ ಅನ್ಯಾಯ.

ಟ್ರಸ್ಟ್ ಕೊಂಡ ಮೊದಲ ಕಟ್ಟಡ ಸಸೆಕ್ಸ್‌ನ ಆಲ್‌ಫ್ರಿಸ್ಟನ್ ಹಳ್ಳಿಯ, ಹುಲ್ಲಿನ ಚಾವಣಿಯ ಹಳೆಯ ಪಾದ್ರಿಮನೆ. 1896ರಲ್ಲಿ ಅದರ ಬೆಲೆ 10 ಪೌಂಡು. 1907ರ ಕಾಯ್ದೆ ಟ್ರಸ್ಟಿಗೆ ಒಂದು ಅಪರೂಪದ ಅಧಿಕಾರ ಕೊಟ್ಟಿತು: ತನ್ನ ಆಸ್ತಿಯನ್ನು ‘ಪರಭಾರೆ ಮಾಡಲಾಗದ್ದು’ ಎಂದು ಘೋಷಿಸುವುದು. ಹಾಗೆ ಘೋಷಿಸಿದ ಮೇಲೆ ಅದನ್ನು ಟ್ರಸ್ಟೂ ಮಾರುವಂತಿಲ್ಲ. ಸರ್ಕಾರವೂ ಸಂಸತ್ತಿನ ವಿಶೇಷ ಒಪ್ಪಿಗೆಯಿಲ್ಲದೆ ಬಲವಂತವಾಗಿ ತೆಗೆದುಕೊಳ್ಳುವಂತಿಲ್ಲ. ಟ್ರಸ್ಟ್ ಸರ್ಕಾರದ ಇಲಾಖೆಯಲ್ಲ, ದತ್ತಿ ಸಂಸ್ಥೆ. 50 ಲಕ್ಷಕ್ಕೂ ಹೆಚ್ಚು ಸದಸ್ಯರ ವಾರ್ಷಿಕ ಚಂದಾ ಅದರ ಬೆನ್ನೆಲುಬು. ಮನೆಗಳಲ್ಲಿ ಕೋಣೆಗೊಬ್ಬರಂತೆ ನಿಂತು ವಿವರಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು, ಬಹುಪಾಲು ನಿವೃತ್ತರು.

ತೆರಿಗೆ ತೆರೆಸಿದ ಬಾಗಿಲು

ನೂರಾರು ಕೋಣೆಗಳ ಬಂಗಲೆಗಳನ್ನು ಒಡೆಯರು ಸಾರ್ವಜನಿಕರಿಗೆ ತೆರೆದದ್ದೇಕೆ? ಮುಖ್ಯ ಕಾರಣ, ತೆರಿಗೆ. 1870ರ ದಶಕದ ನಂತರ ಅಮೆರಿಕದ ಅಗ್ಗದ ಧಾನ್ಯ ಬಂದು ಇಂಗ್ಲೆಂಡಿನ ಜಮೀನಿನ ಆದಾಯ ಕುಸಿಯಿತು. 1894ರಲ್ಲಿ ಮರಣೋತ್ತರ ಆಸ್ತಿ ತೆರಿಗೆ ಹೊಸ ರೂಪ ತಾಳಿತು. ಅತಿ ದೊಡ್ಡ ಆಸ್ತಿಗಳ ಮೇಲೆ 1919ರಲ್ಲಿ ಅದು ಶೇ 40 ಆಯಿತು, ಎರಡನೇ ಯುದ್ಧದ ನಂತರ ಶೇ 80ಕ್ಕೆ ಏರಿತು. ಎರಡು ಯುದ್ಧಗಳಲ್ಲಿ ತಂದೆ, ಮಗ ಇಬ್ಬರನ್ನೂ ಕಳೆದುಕೊಂಡ ಮನೆಗಳು ಎರಡೆರಡು ಸಲ ತೆತ್ತವು. ನೂರಾರು ಬಂಗಲೆಗಳನ್ನು ಕೆಡವಿ, ಕಲ್ಲು ಮರವನ್ನು ಹರಾಜು ಹಾಕಲಾಯಿತು.

ಆಗ ಲಾರ್ಡ್ ಲೋಥಿಯನ್ ಒಂದು ದಾರಿ ಸೂಚಿಸಿದರು. ಬಂಗಲೆಯನ್ನು ಅದರ ಖರ್ಚಿಗೆ ಬೇಕಾದ ಹಣದೊಂದಿಗೆ ಟ್ರಸ್ಟಿಗೆ ಕೊಡುವುದು, ತೆರಿಗೆಯ ವಿನಾಯಿತಿ ಪಡೆಯುವುದು, ವಂಶದವರು ಬಾಡಿಗೆದಾರರಾಗಿ ಅಲ್ಲೇ ಇರುವುದು, ಗೊತ್ತಾದ ದಿನಗಳಲ್ಲಿ ಜನರನ್ನು ಒಳಗೆ ಬಿಡುವುದು. 1937ರಲ್ಲಿ ಅದಕ್ಕೆ ಕಾನೂನಾಯಿತು. ಲೋಥಿಯನ್ 1940ರಲ್ಲಿ ತೀರಿಕೊಂಡಾಗ ನಾರ್ಫೋಕ್‌ನ ಅವರ ಬ್ಲಿಕ್ಲಿಂಗ್ ಹಾಲ್ ಹೀಗೆಯೇ ಟ್ರಸ್ಟಿಗೆ ಬಂತು.

ಕಿಂಡರ್ ಬೆಟ್ಟಕ್ಕೆ ಕಾವಲು ಹಾಕಿದ್ದ ಡೆವನ್‌ಶೈರ್ ಮನೆತನವೂ ಈ ಸುಳಿಗೆ ಸಿಕ್ಕಿತು. ಆಸ್ತಿಯನ್ನು ಮಗನ ಹೆಸರಿಗೆ ಮಾಡಿ ಐದು ವರ್ಷ ಬದುಕಿದ್ದರೆ ತೆರಿಗೆಯಿಂದ ಪಾರಾಗಬಹುದಿತ್ತು. ಅವಧಿ ತುಂಬಲು ಕೆಲವೇ ವಾರಗಳಿದ್ದಾಗ, 1950ರ ನವೆಂಬರ್‌ನಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡರು. ಶೇ 80ರ ತೆರಿಗೆಯ ಬಾಬತ್ತಿಗೆ ಸಾವಿರಾರು ಎಕರೆ ನೆಲ, ಅಮೂಲ್ಯ ಚಿತ್ರಗಳು ಹೋದವು. ಗೋಡೆಗಿಂತ ಕಿಟಕಿಯೇ ಹೆಚ್ಚೆಂದು ಹೆಸರಾದ 16ನೇ ಶತಮಾನದ ಹಾರ್ಡ್‌ವಿಕ್ ಹಾಲ್ ಕೂಡ ಸರ್ಕಾರದ ಕೈ ಸೇರಿ, 1959ರಲ್ಲಿ ಟ್ರಸ್ಟಿಗೆ ಬಂತು. ಮನೆತನ ಉಳಿಸಿಕೊಂಡ ಚ್ಯಾಟ್ಸ್‌ವರ್ತ್ ಅರಮನೆ ಇಂದು ಟಿಕೆಟ್ ಪಡೆದ ಲಕ್ಷಾಂತರ ಜನರಿಂದಲೇ ಸುಸ್ಥಿತಿಯಲ್ಲಿದೆ. ಬೆಟ್ಟದಿಂದ ಓಡಿಸಿದ ಕಾರ್ಮಿಕರ ಮೊಮ್ಮಕ್ಕಳು ಈಗ ಅದರ ತೋಟದಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ.

ಭಾರತದಲ್ಲಿ ಮೊದಲು, ಇಂಗ್ಲೆಂಡಿನಲ್ಲಿ ಆಮೇಲೆ

ಲಾರ್ಡ್ ಕರ್ಜನ್ ಎಂದರೆ ನಮಗೆ ಬಂಗಾಳದ ವಿಭಜನೆ ನೆನಪಾಗುತ್ತದೆ. ಅದೇ ಕರ್ಜನ್ ವೈಸ್‌ರಾಯ್ ಆಗಿದ್ದಾಗ 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಆಗ ನೇರ ಬ್ರಿಟಿಷ್ ಆಡಳಿತದಲ್ಲಿದ್ದ ವಿಜಯಪುರ, ಹಂಪಿಯ ನೆಲಕ್ಕೂ ಅದು ಅನ್ವಯಿಸಿತು. ಸ್ವತಃ ಇಂಗ್ಲೆಂಡಿನಲ್ಲಿ ಆಗ ಅಷ್ಟು ಬಲವಾದ ಕಾನೂನಿರಲಿಲ್ಲ. 1882ರ ಮೊದಲ ಕಾಯ್ದೆ ಒಡೆಯ ಒಪ್ಪಿದರೆ ಮಾತ್ರ ನಡೆಯುವಂಥದ್ದು.

1911ರಲ್ಲಿ ಲಿಂಕನ್‌ಶೈರ್‌ನ ಟ್ಯಾಟರ್‌ಶಲ್ ಎಂಬ 15ನೇ ಶತಮಾನದ ಇಟ್ಟಿಗೆ ಕೋಟೆಯ ಕೆತ್ತನೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು ಅಮೆರಿಕಕ್ಕೆ ಸಾಗಿಸಲು ಸಿದ್ಧತೆ ನಡೆದಿತ್ತು. ಕರ್ಜನ್ ಕೋಟೆಯನ್ನು ಕೊಂಡರು, ಅಗ್ಗಿಷ್ಟಿಕೆಗಳನ್ನು ಹುಡುಕಿಸಿ ಬಿಡಿಸಿಕೊಂಡರು. ಅವು ಮೆರವಣಿಗೆಯಲ್ಲಿ ಕೋಟೆಗೆ ಮರಳಿದವು. ಒಡೆಯನ ಇಚ್ಛೆ ಏನೇ ಇದ್ದರೂ ಸ್ಮಾರಕ ಹಾಳಾಗದಂತೆ ಸರ್ಕಾರ ತಡೆಯಬಹುದೆಂಬ 1913ರ ಕಾನೂನಿನ ಹಿಂದೆ ಕರ್ಜನ್ ಒತ್ತಾಸೆ ಇತ್ತು. ಸುತ್ತ ನೀರು ತುಂಬಿದ ಕಂದಕದ ನಡುವಿನ ಬೋಡಿಯಮ್ ಕೋಟೆಯನ್ನೂ ಅವರು ಕೊಂಡು, ಎರಡನ್ನೂ ಉಯಿಲಿನಲ್ಲಿ ಟ್ರಸ್ಟಿಗೆ ಬರೆದಿಟ್ಟರು. ಭಾರತವನ್ನು ಆಳಿದ ರೀತಿಗೆ ಕರ್ಜನ್‌ರನ್ನು ಕ್ಷಮಿಸಬೇಕಿಲ್ಲ. ಹಳೆಯ ಕಲ್ಲನ್ನು ಉಳಿಸುವ ವಿಷಯದಲ್ಲಿ ಅವರ ಕಾಳಜಿ ಮಾತ್ರ ಸಾಚಾ.

ಮುಟ್ಟಲಾಗದ ಕಲ್ಲು, ಮುಟ್ಟಬಹುದಾದ ಕಲ್ಲು

ವಿಲ್ಟ್‌ಶೈರ್‌ನ ಬಯಲಿನಲ್ಲಿರುವ ಸ್ಟೋನ್‌ಹೆಂಜ್ ಗೊತ್ತಿಲ್ಲದವರು ಕಡಿಮೆ. ಕೆಲಸ ಶುರುವಾಗಿದ್ದು ಸುಮಾರು 5,000 ವರ್ಷಗಳ ಹಿಂದೆ. ದೊಡ್ಡ ಕಲ್ಲುಗಳು ಎದ್ದದ್ದು ಕ್ರಿಸ್ತಪೂರ್ವ 2500ರ ಸುಮಾರಿಗೆ. ಅವುಗಳಲ್ಲಿ ಹೆಚ್ಚಿನವು ಸುಮಾರು 25 ಕಿಲೋಮೀಟರ್ ದೂರದ ಕಾಡಿನವೆಂದು 2020ರಲ್ಲಿ ಖಚಿತವಾಯಿತು. ಚಿಕ್ಕ ನೀಲಿಗಲ್ಲುಗಳು 200 ಕಿಲೋಮೀಟರಿಗೂ ದೂರದ ವೇಲ್ಸ್‌ನ ಬೆಟ್ಟಗಳವು. ನಡುವೆ ಬಿದ್ದಿರುವ ‘ಬಲಿಪೀಠದ ಕಲ್ಲು’ ಉತ್ತರ ಸ್ಕಾಟ್ಲೆಂಡಿನಿಂದ ಬಂತೆಂದು 2024ರಲ್ಲಿ ತಿಳಿದಾಗ ತಜ್ಞರೇ ಬೆರಗಾದರು.

1915ರಲ್ಲಿ ಇದು ಹರಾಜಿಗೆ ಬಂತು. ಹತ್ತಿರದ ಹಳ್ಳಿಯಲ್ಲೇ ಹುಟ್ಟಿದ್ದ ಸೆಸಿಲ್ ಚಬ್ ಎಂಬ ವಕೀಲ 6,600 ಪೌಂಡಿಗೆ ಕೊಂಡು, ಮೂರು ವರ್ಷದ ನಂತರ ದೇಶಕ್ಕೆ ದಾನ ಮಾಡಿದ. ಜನರಿಂದ ಒಂದು ಶಿಲ್ಲಿಂಗಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬುದು ಆತನ ಷರತ್ತುಗಳಲ್ಲೊಂದು. ಈಗಿನ ಟಿಕೆಟ್ ದರ ಅದನ್ನು ಎಷ್ಟೋ ಪಾಲು ಮೀರಿದೆ. ಕಲ್ಲುಗಳ ನಡುವೆ ಓಡಾಡುವುದನ್ನು 1970ರ ದಶಕದ ಕೊನೆಯಲ್ಲಿ ನಿಲ್ಲಿಸಲಾಯಿತು. ಮಾಮೂಲಿ ಟಿಕೆಟ್ಟಿನಲ್ಲಿ ಹಗ್ಗದಾಚೆಯಿಂದಲೇ ನೋಡಿ ಬರಬೇಕು. ಜೂನ್ ಮತ್ತು ಡಿಸೆಂಬರ್‌ನ ಅಯನ ಸಂಕ್ರಾಂತಿಗಳಲ್ಲಿ ಮಾತ್ರ ಉಚಿತವಾಗಿ ಒಳಗೆ ಬಿಡುತ್ತಾರೆ. ದುಡ್ಡು ಕೊಡಲು ಮನಸ್ಸಿಲ್ಲದವರು ಪಕ್ಕದಲ್ಲೇ ಹಾಯುವ ಹಳೆಯ ಸಾರ್ವಜನಿಕ ದಾರಿಯಲ್ಲಿ ನಡೆದು ಬೇಲಿಯ ಹೊರಗಿನಿಂದ ನೋಡಬಹುದು. ಆ ಹಕ್ಕನ್ನು ಯಾರೂ ಕಿತ್ತುಕೊಂಡಿಲ್ಲ.

ನನ್ನನ್ನು ಕೇಳಿದರೆ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿಯಲ್ಲಿರುವ ಏವ್‌ಬರಿಗೆ ಹೋಗಿ ಎನ್ನುತ್ತೇನೆ. ಪ್ರಪಂಚದ ಅತಿ ದೊಡ್ಡ ಕಲ್ಲುವೃತ್ತ ಅದು. ಊರೇ ಅದರೊಳಗೆ ಬೆಳೆದಿದೆ. ಮನೆಗಳಿವೆ, ಪಬ್ಬಿದೆ, ನಡುವೆ ಟಾರು ರಸ್ತೆ ಹೋಗುತ್ತದೆ, ಕುರಿಗಳು ಕಲ್ಲಿಗೆ ಮೈ ಉಜ್ಜುತ್ತವೆ. ಕಲ್ಲುಗಳ ಬಳಿ ಹೋಗಲು ಟಿಕೆಟ್ಟಿಲ್ಲ. ಅಂಗೈ ಇಟ್ಟು ಮುಟ್ಟಬಹುದು. ಮಧ್ಯಯುಗದಲ್ಲಿ ಊರವರೇ ಕಲ್ಲುಗಳನ್ನು ಉರುಳಿಸಿ ಹೂತರು. ಆಮೇಲಿನವರು ಬೆಂಕಿ ಹಾಕಿ ಕಾಯಿಸಿ ಒಡೆದು ಮನೆ ಕಟ್ಟಿಕೊಂಡರು. 1871ರಲ್ಲಿ ಇಲ್ಲಿ ಹೊಸ ಮನೆಗಳು ಏಳಬೇಕಿದ್ದ ಜಾಗವನ್ನು ಜಾನ್ ಲಬಕ್ ಎಂಬ ಸಂಸದ ಕೊಂಡು ತಡೆದ. 1882ರ ಕಾಯ್ದೆ ತಂದವನೂ ಆತನೇ. 1930ರ ದಶಕದಲ್ಲಿ ಮಾರ್ಮಲೇಡ್ ವ್ಯಾಪಾರದ ಮನೆತನದ ಅಲೆಕ್ಸಾಂಡರ್ ಕೈಲರ್ ಹೂತ ಕಲ್ಲುಗಳನ್ನು ಅಗೆಸಿ ಮತ್ತೆ ನಿಲ್ಲಿಸಿದ. ಒಂದು ಕಲ್ಲಿನ ಅಡಿ ಮಧ್ಯಯುಗದ ಒಬ್ಬ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಅವನ ಬಳಿ ಕತ್ತರಿ ಇತ್ತು, ನಾಣ್ಯಗಳಿದ್ದವು.

ಕುರಿಗಳು ಕಾಯ್ದ ಬೆಟ್ಟ

ವರ್ಡ್ಸ್‌ವರ್ತ್ ಕವಿಯಿಂದಾಗಿ ಕನ್ನಡ ಓದುಗರಿಗೆ ಪರಿಚಯವಾದ ಲೇಕ್ ಡಿಸ್ಟ್ರಿಕ್ಟ್ ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿದೆ. ಗ್ರಾಸ್‌ಮಿಯರ್ ಊರಿನ ಡವ್ ಕಾಟೇಜ್‌ನಲ್ಲಿ ಆತ 1799ರಿಂದ 1808ರವರೆಗೆ ಇದ್ದ. ಆ ಕವಿ ಸರೋವರಗಳಿಗೆ ಪ್ರವಾಸಿ ಕೈಪಿಡಿಯನ್ನೂ ಬರೆದ. ರೈಲು ಬರುತ್ತದೆಂದಾಗ 1844ರಲ್ಲಿ ಕಟುವಾಗಿ ವಿರೋಧಿಸಿದ. ಜನ ತುಂಬಿ ಶಾಂತಿ ಕೆಡುತ್ತದೆಂಬ ಆತನ ಭಯ ಪೂರ್ತಿ ಸುಳ್ಳಾಗಲಿಲ್ಲ. ಆದರೂ ರೈಲು ತಂದ ಗಿರಣಿ ಕಾರ್ಮಿಕರ ಪಕ್ಷವೇ ಸರಿಯಾದ ಪಕ್ಷವೆಂದು ನಾನು ನಂಬುತ್ತೇನೆ.

ಈ ಬೆಟ್ಟಗಳು ಕಾಡಿಲ್ಲದೆ ನುಣ್ಣಗೆ ಕಾಣುವುದು ಸಾವಿರ ವರ್ಷದ ಕುರಿ ಮೇವಿನಿಂದ. ಇಲ್ಲಿಯ ಹರ್ಡ್‌ವಿಕ್ ತಳಿಯ ಕುರಿಗೆ ಬೇಲಿ ಬೇಡ. ತನ್ನ ಮಂದೆಯ ಮೇವಿನ ಎಲ್ಲೆಯನ್ನು ತಾಯಿಕುರಿ ಮರಿಗೆ ಕಲಿಸುತ್ತದೆ. ಮಕ್ಕಳ ಕಥೆಗಳ ಬಿಯಾಟ್ರಿಕ್ಸ್ ಪಾಟರ್ ಪುಸ್ತಕದ ಹಣದಿಂದ ಹೊಲಮನೆಗಳನ್ನು ಕೊಳ್ಳುತ್ತ ಈ ಕುರಿಯ ನಾಮಾಂಕಿತ ಸಾಕಣೆದಾರಳಾದಳು. 1943ರಲ್ಲಿ ಸಾಯುವಾಗ 4,000ಕ್ಕೂ ಹೆಚ್ಚು ಎಕರೆಯನ್ನು, ಹರ್ಡ್‌ವಿಕ್ ಕುರಿಗಳನ್ನೇ ಸಾಕಬೇಕೆಂಬ ಇಚ್ಛೆಯೊಂದಿಗೆ ಟ್ರಸ್ಟಿಗೆ ಬಿಟ್ಟಳು. 2017ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದ್ದು ನೋಟಕ್ಕಷ್ಟೇ ಅಲ್ಲ, ಈ ಕುರಿಗಾಹಿ ಬದುಕಿಗೂ.

ಭಾರವೂ ಇದೆ. ಸುಮಾರು 40,000 ಜನ ವಾಸಿಸುವ ಪ್ರದೇಶಕ್ಕೆ ವರ್ಷಕ್ಕೆ ಕೋಟಿಗೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಹೊರಗಿನವರು ರಜೆಗೆಂದು ಮನೆ ಕೊಳ್ಳುವುದರಿಂದ ಸ್ಥಳೀಯ ಯುವಕರಿಗೆ ಮನೆ ಎಟುಕುವುದಿಲ್ಲ. ವಿಂಡರ್‌ಮಿಯರ್ ಸರೋವರಕ್ಕೆ ಕೊಳಚೆ ಸೇರುವುದರ ವಿರುದ್ಧ ಊರವರು ಹೋರಾಡುತ್ತಿದ್ದಾರೆ. ಬೂಟುಗಳು ಸವೆಸಿದ ಬೆಟ್ಟದ ಜಾಡುಗಳಿಗೆ ಹೆಲಿಕಾಪ್ಟರಿನಲ್ಲಿ ಕಲ್ಲು ಇಳಿಸಿ, ಸ್ವಯಂಸೇವಕರೂ ಸೇರಿ ಒಂದೊಂದಾಗಿ ಹಾಸುತ್ತಾರೆ. ಇನ್ನೊಂದು ಕಡೆ, ಜನ ಬಾರದಿದ್ದರೆ ಏನಾಗುತ್ತದೆಂಬುದನ್ನು 2001 ತೋರಿಸಿತು. ಕಾಲುಬಾಯಿ ರೋಗ ಹರಡಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದ ಆ ವರ್ಷ ಹೆಚ್ಚಿನ ಕಾಲುದಾರಿಗಳನ್ನು ಮುಚ್ಚಿದರು. ಹಳ್ಳಿಗಳ ಹೋಟೆಲು, ಅಂಗಡಿ, ಚಹಾ ಕೋಣೆಗಳು ಒಮ್ಮೆಗೇ ನೆಲಕಚ್ಚಿದವು.

ಟಿಪ್ಪುವಿನ ಡೇರೆ

ಜನರಿಗೆ ಬಾಗಿಲು ತೆರೆದ ಬಂಗಲೆಗಳನ್ನು ಕಟ್ಟಿದ ಹಣ ಎಲ್ಲಿಯದು? ಕೆಲವದು ಕರಿಬಿಯನ್ನಿನ ಗುಲಾಮರ ಬೆವರಿನದು, ಕೆಲವದು ಭಾರತದ್ದು. ಗ್ಲೌಸ್ಟರ್‌ಶೈರ್‌ನ ಹಸಿರು ಗುಡ್ಡಗಳ ನಡುವೆ ಸೆಜಿನ್‌ಕೋಟ್ ಎಂಬ ಮನೆಯಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಚಾರ್ಲ್ಸ್ ಕಾಕರೆಲ್‌ಗಾಗಿ 1805ರ ಸುಮಾರಿಗೆ ಅವನ ಅಣ್ಣತಮ್ಮಂದಿರಲ್ಲೊಬ್ಬನೇ ಇದನ್ನು ಮೊಗಲ್ ಶೈಲಿಯಲ್ಲಿ ವಿನ್ಯಾಸ ಮಾಡಿದ. ತಾಮ್ರದ ಗುಮ್ಮಟ, ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ಬಸವ. ನೋಡಲು ಮುದ್ದಾಗಿದೆ. ಆ ಮುದ್ದಿನ ಹಿಂದಿನ ಲೆಕ್ಕವನ್ನೂ ನಾವು ಮರೆಯುವಂತಿಲ್ಲ.

ಇಂಗ್ಲೆಂಡಿನ ಗಡಿಗೆ ಅಂಟಿದಂತೆ ವೇಲ್ಸ್‌ನಲ್ಲಿರುವ ಪೊವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆಯಿದೆ. ಹೂಬಳ್ಳಿಗಳ ಚಿತ್ತಾರದ ಹತ್ತಿಬಟ್ಟೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಅವನ ಮನೆತನದ ಮೂಲಕ ಅದು ಅಲ್ಲಿ ಸೇರಿತು. ಈಗ ಕೋಟೆ ನ್ಯಾಷನಲ್ ಟ್ರಸ್ಟಿನದು. 2020ರ ಸೆಪ್ಟೆಂಬರ್‌ನಲ್ಲಿ ಟ್ರಸ್ಟ್ ತನ್ನ 93 ತಾಣಗಳಿಗೆ ವಸಾಹತು ಆಡಳಿತ, ಗುಲಾಮಗಿರಿಗಳ ನಂಟಿದೆಯೆಂದು ವರದಿ ಪ್ರಕಟಿಸಿತು. ಕೆಲವು ಸದಸ್ಯರು, ಸಂಸದರು ಸಿಟ್ಟಾದರು. ಸಂಸ್ಥೆ ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಅದು ಸರಿಯಾದ ನಿಲುವು.

ಹೋಗುವವರಿಗೆ

ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಲಂಡನ್ನಿನಿಂದ ಒಂದೇ ದಿನದಲ್ಲಿ ಮೂರು ಊರು ತೋರಿಸುವ ಬಸ್ಸು ಹತ್ತುತ್ತಾರೆ. ಅದರ ಬದಲು ಒಂದು ಹಳ್ಳಿಯಲ್ಲಿ ಇಳಿದು ನಾಲ್ಕು ಮೈಲಿ ನಡೆಯಿರಿ. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಹಲವು ಬಂಗಲೆಗಳು ಮುಚ್ಚಿರುತ್ತವೆ. ಹಳ್ಳಿಯ ಬಸ್ಸು ಭಾನುವಾರ ಇರುತ್ತದೆಂದು ನಂಬಿ ಹೊರಡಬೇಡಿ. ಮಳೆ ಯಾವಾಗಲೂ ಬರಬಹುದು; ಇಂಗ್ಲೆಂಡಿನ ಆಗುಂಬೆಯಂತಿರುವ ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ. ಆಗುಂಬೆಯಲ್ಲಿ ಅದರ ಎರಡರಷ್ಟು ಎಂಬುದು ಬೇರೆ ಮಾತು. ನೀವು ತೆರೆದ ಗೇಟನ್ನು ನೀವೇ ಮುಚ್ಚಿರಿ; ಕರುವಿರುವ ಹಸುವಿನ ಹತ್ತಿರ ಹೋಗಬೇಡಿ. ಎರಡು ಮೂರು ಬಂಗಲೆ ನೋಡುವ ಯೋಚನೆಯಿದ್ದರೆ ಬಿಡಿ ಟಿಕೆಟ್ಟಿಗಿಂತ ಟ್ರಸ್ಟಿನ ಸದಸ್ಯತ್ವದ ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರ್‌ನ ‘ಹೆರಿಟೇಜ್ ಓಪನ್ ಡೇಸ್’ ದಿನಗಳಲ್ಲಿ, ಬೇರೆ ದಿನ ಮುಚ್ಚಿರುವ ಕಟ್ಟಡಗಳೂ ಉಚಿತವಾಗಿ ತೆರೆಯುತ್ತವೆ.

ಬಂಗಲೆಯೊಳಗೆ ಹೋದಾಗ ಕೋಣೆಯಲ್ಲಿ ನಿಂತ ಸ್ವಯಂಸೇವಕರನ್ನು ಮಾತಾಡಿಸಿ. ಈ ಕತ್ತಿ ಎಲ್ಲಿಯದು, ಈ ಬಟ್ಟೆ ಯಾರದು, ಈ ಮನೆಗೆ ಹಣ ಎಲ್ಲಿಂದ ಬಂತು ಎಂದು ಸಂಕೋಚವಿಲ್ಲದೆ ಕೇಳಿ. ಕೇಳುವ ಹಕ್ಕು ನಿಮಗಿದೆ. ಉತ್ತರ ಕೈಯಲ್ಲಿಲ್ಲದಿದ್ದರೆ ಹುಡುಕಿಕೊಡುವಂತೆ ಅವರ ಕಚೇರಿಗೆ ಬರೆಯಿರಿ.